ಅಲ್ಪವಿರಾಮವಿಲ್ಲದ ಫ್ಲೆಕ್ಸ್

ಆ ಆಲ್ಬಂ ಬಂದ ವಾರ ನಾನು ಒಂದು ಕಡೆ ಕೂತು ಒಂದು ಕೆಲಸವನ್ನು ನೆಟ್ಟಗೆ ಮುಗಿಸಿದ್ದು ನೆನಪಿಲ್ಲ. ಹೊಸಪೇಟೆ ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿರುವ ಫ್ಲೆಕ್ಸ್ ಅಂಗಡಿಯೊಂದರಲ್ಲಿ ಡಿಸೈನ್ ಮಾಡುವುದು ನನ್ನ ಹೊಟ್ಟೆಪಾಡು. ಹುಟ್ಟುಹಬ್ಬ, ಗೃಹಪ್ರವೇಶ, ಶ್ರದ್ಧಾಂಜಲಿ, ಯಾರಿಗೋ ಯಾವುದೋ ಹುದ್ದೆ ಸಿಕ್ಕಿದ್ದು, ಎಲ್ಲವೂ ನನ್ನ ಕೈ ದಾಟಿಯೇ ಸರ್ಕಲ್ಲಿಗೆ ಹೋಗಬೇಕು. ಮೇಲೆ ಒಂದು ದೊಡ್ಡ ಮುಖ, ಕೆಳಗೆ ‘ಶುಭ ಕೋರುವವರು’ ಎಂದು ಸಾಲಾಗಿ ಸಣ್ಣ ಮುಖಗಳು. ಸಣ್ಣ ಮುಖದವರೆಲ್ಲ ತಮ್ಮ ಮುಖ ಪಕ್ಕದವನದಕ್ಕಿಂತ ಒಂದು ಕೂದಲಷ್ಟಾದರೂ ದೊಡ್ಡದಿರಲಿ ಎಂದು ಗುಟ್ಟಾಗಿ ಬಂದು ಹೇಳುತ್ತಾರೆ. ನಾನು ಎಲ್ಲರಿಗೂ ಆಯ್ತು ಎನ್ನುತ್ತೇನೆ, ಯಾರದನ್ನೂ ದೊಡ್ಡದು ಮಾಡುವುದಿಲ್ಲ.

ಹಾಡುಗಾರ ನಮ್ಮ ಕಡೆಯವನೇ. ತಾಯಿಯ ಊರು ಕಂಪ್ಲಿ. ನನಗಿಂತ ಎಂಟು ವರ್ಷ ಸಣ್ಣವನು. ಆದರೂ ಎಲ್ಲರ ಹಾಗೆ ನಾನೂ ಅವನನ್ನು ‘ಅಣ್ಣ’ ಎಂದೇ ಕರೆಯುವುದು. ಅವನು ಬರುವವರೆಗೆ ನಮ್ಮ ಮಾತು ಸಿನಿಮಾದಲ್ಲಿ ನಗಿಸುವವರ ಬಾಯಲ್ಲಿ ಮಾತ್ರ ಇರುತ್ತಿತ್ತು. ಅವನು ಅದೇ ಮಾತಿನಲ್ಲಿ ಬೈದ, ಮೆರೆದ, ಅದಿರಿನ ಧೂಳನ್ನೂ ಅದನ್ನು ಮಾರಿ ಮನೆ ಕಟ್ಟಿದವರನ್ನೂ ಒಂದೇ ಉಸಿರಿನಲ್ಲಿ ಹಾಡಿ ಉಗಿದ. ಆಟೋ, ಟಿಪ್ಪರ್, ಗಣಪತಿ ಮೆರವಣಿಗೆ, ಎಲ್ಲ ಕಡೆ ಅವನದೇ ಗದ್ದಲ. ನನಗೆ ಅವನ ಹುಚ್ಚು ಹಿಡಿದದ್ದು ಆ ಗದ್ದಲಕ್ಕೇ. ಅಂಗಡಿಯಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಶ್ರದ್ಧಾಂಜಲಿ ಫ್ಲೆಕ್ಸ್ ಮಾಡುವಾಗಲೂ ನನ್ನ ಕಾಲು ಕುಣಿಯುತ್ತಿತ್ತು.

ಹೊಸ ಆಲ್ಬಂ ಮೂರು ವರ್ಷದ ಮೇಲೆ ಬಂತು. ಒಟ್ಟು ಒಂಬತ್ತು ಹಾಡು. ಮೊದಲನೆಯದರಲ್ಲಿ ಬೀಟೇ ಇಲ್ಲ. ಸ್ಟೋವಿಗೆ ಪಂಪ್ ಹೊಡೆಯುವ ಸದ್ದು, ಯಾರೋ ಒಂದು ಹೆಣ್ಣುಮಗಳು ಕೆಮ್ಮುವುದು, ಆಮೇಲೆ ಇವನ ದನಿ, ಅದೂ ಹಾಡಿದ ಹಾಗಿಲ್ಲ, ಬಾಗಿಲ ಹಿಂದೆ ನಿಂತು ಗೊಣಗಿದ ಹಾಗಿದೆ. ಹೋದ ವರ್ಷ ತಾಯಿ ತೀರಿಕೊಂಡಿದ್ದರು. ಇಡೀ ಆಲ್ಬಂ ಅವರ ಬಗ್ಗೆ. ಮೂರನೇ ಹಾಡಿನಲ್ಲಿ ಎರಡೇ ಎರಡು ಪದ, ನಾಲ್ಕು ನಿಮಿಷದವರೆಗೆ: ಅವ್ವ ಸಾಕು. ಒಮ್ಮೆ ರೇಗಿ, ಒಮ್ಮೆ ನಕ್ಕು, ಒಮ್ಮೆ ಅಳುವವನ ಹಾಗೆ. ತನ್ನ ಫೇಸ್‌ಬುಕ್ ಪುಟದಲ್ಲಿ ಆ ಸಾಲನ್ನು ಹಾಕಿದಾಗಲೂ ಅಷ್ಟೇ ಹಾಕಿದ್ದ. ಹಿಂದೆ ಮುಂದೆ ಏನಿಲ್ಲ, ನಡುವೆ ಒಂದು ಚುಕ್ಕಿಯೂ ಇಲ್ಲ.

‘ಸಾಕು’ ಎಂಬ ಪದ ಕೇಳಿದ ಕೂಡಲೇ ನನ್ನ ಮೈ ಬಿಸಿಯಾಯಿತು. ಅದಕ್ಕೆ ಕಾರಣವಿದೆ. ಹೆಸರು ಹೇಳಲಾರೆ, ಆದರೆ ಆ ಪದ ನನ್ನ ಹೆಸರಿನೊಳಗಿದೆ. ಕಂಪ್ಲಿಯಲ್ಲಿ ಮೂರು ಹೆಣ್ಣುಮಕ್ಕಳ ಮೇಲೆ ನಾಲ್ಕನೆಯವಳಾಗಿ ಹುಟ್ಟಿದವಳು ನಾನು. ಇನ್ನು ಹೆಣ್ಣು ಸಾಕು ಎಂದು ದೇವರಿಗೆ ತಿಳಿಯಲಿ ಎಂಬ ಲೆಕ್ಕದಲ್ಲಿ ಇಡುವ ಹೆಸರು ಅದು. ನಮ್ಮ ಕಡೆ ಓಣಿಗೊಬ್ಬಳಾದರೂ ಆ ಹೆಸರಿನವಳು ಇರುತ್ತಾಳೆ. ಆಮೇಲೆ, ನನಗೆ ಎಂಟು ತಿಂಗಳಾಗುವ ಹೊತ್ತಿಗೆ, ಹೆತ್ತವಳ ತಂಗಿಗೆ, ಮಕ್ಕಳಿಲ್ಲದೆ ಹೊಸಪೇಟೆಯಲ್ಲಿದ್ದವಳಿಗೆ, ನನ್ನನ್ನು ಕೊಟ್ಟರು. ಅವಳನ್ನೇ ನಾನು ಅವ್ವ ಎನ್ನುತ್ತೇನೆ. ಹೆತ್ತವಳು ನನಗೆ ದೊಡ್ಡವ್ವ. ಶಾಲೆಯಲ್ಲಿ ಹಾಜರಿ ಕರೆದಾಗ ಹಿಂದಿನ ಬೆಂಚಿನವರು ‘ಸಾಕು ಸಾಕು ಕುಂದ್ರು’ ಎನ್ನುತ್ತಿದ್ದರು. ನಾನು ನಗುತ್ತಿದ್ದೆ. ಮೂವತ್ತನಾಲ್ಕು ವರ್ಷ ನಗುನಗುತ್ತಲೇ ಕಳೆದೆ, ಒಳಗೆ ಮಾತ್ರ ಒಂದು ಪ್ರಶ್ನೆ ಹಾಗೇ ಉಳಿದಿತ್ತು. ಹೆಸರಿಟ್ಟಾಗ ದೊಡ್ಡವ್ವನ ಮನಸ್ಸಿನಲ್ಲಿ ಏನಿತ್ತು? ಮನೆಯವರು ಇಟ್ಟರು, ಅವಳು ಸುಮ್ಮನಿದ್ದಳೋ, ಅಥವಾ ಅವಳಿಗೂ ನಾನು ಸಾಕಾಗಿದ್ದೆನೋ? ಕೇಳುವ ಧೈರ್ಯ ಒಂದು ದಿನವೂ ಬಂದಿರಲಿಲ್ಲ.

ಆಲ್ಬಂ ಬಂದ ಮಾರನೇ ದಿನವೇ ನಮ್ಮ ಅಭಿಮಾನಿಗಳ ವಾಟ್ಸಾಪ್ ಗುಂಪಿಗೆ ಬೆಂಕಿ ಬಿತ್ತು. ಅರ್ಧ ಮಂದಿಗೆ ಸಿಟ್ಟು. ‘ಬೀಟ್ ಎಲ್ಲಿ?’ ‘ಡಿಜೆದಾಗ ಇದನ್ನ ಹಾಕಿದರ ಗಣಪತಿನೂ ಮಕ್ಕೊಂತಾನ.’ ಇನ್ನರ್ಧ ಮಂದಿಗೆ ದಿಗಿಲು. ಅವ್ವಾ, ಸಾಕು, ಅಂದರೆ ಇನ್ನು ನನ್ನಿಂದಾಗದು, ಅಣ್ಣ ಹಾಡುವುದನ್ನೇ ಬಿಟ್ಟುಬಿಡುತ್ತಾನೆ. ಈ ಎರಡನೇ ಮಾತು ಹುಟ್ಟುಹಾಕಿದವನು ಗುಂಪಿನ ಮುಂದಾಳು, ರೈಲ್ವೆ ಸ್ಟೇಷನ್ ಸ್ಟ್ಯಾಂಡಿನ ಆಟೋದವನು. ಆಟೋ ಹಿಂಬದಿಯ ಅಣ್ಣನ ಚಿತ್ರವನ್ನು ಮೂರು ಸಲ ನನ್ನಿಂದಲೇ ಬದಲಾಯಿಸಿಕೊಂಡವನು. ಸಂಜೆಯೊಳಗೆ ಅದು ಅನುಮಾನ ಹೋಗಿ ಸುದ್ದಿಯಾಯಿತು.

ನನಗೆ ಅದು ಸರಿ ಅನಿಸಲಿಲ್ಲ. ಸರಿಯಲ್ಲ ಅನ್ನುವುದಕ್ಕಿಂತ, ಸಾಕು ಎಂಬುದಕ್ಕೆ ಆ ಅರ್ಥ ನನಗೆ ಬೇಕಾಗಿರಲಿಲ್ಲ ಎನ್ನುವುದೇ ನಿಜ. ಸೋಮವಾರ ಒಂದು ಅಂಗಡಿಯ ಬೋರ್ಡಿನ ಅಳತೆ ತೆಗೆದುಕೊಳ್ಳಲು ಸಂಡೂರಿಗೆ ಹೋಗುವುದಿತ್ತು. ಬಸ್ಸಿನಲ್ಲಿ ಹೋಗುತ್ತ ಬರುತ್ತ ಮೂರನೇ ಹಾಡನ್ನೇ ಕೇಳಿದೆ. ಅಲ್ಲಿ ಟಿಪ್ಪರ್‌ಗಳು ನಿಲ್ಲುವ ಕಡೆ ಚಹಾದಂಗಡಿಯಲ್ಲಿ ಪರಿಚಯದ ಡ್ರೈವರ್ ಒಬ್ಬರು ಸಿಕ್ಕರು. ಅವರ ಗಾಡಿಯ ಮೇಲಿನ ಸ್ಟಿಕ್ಕರ್ ನಾನು ಕತ್ತರಿಸಿಕೊಟ್ಟದ್ದು. ಹೊಸ ಹಾಡು ಕೇಳಿದಿರಾ ಎಂದೆ.

“ಕೇಳಿದ್ನೆವ್ವಾ. ಮೊದ್ಲು ಪೆನ್‌ಡ್ರೈವ್ ಕೆಟ್ಟೈತಿ ಅಂತ ಎರಡು ಸಲ ತೆಗದು ಊದಿ ಹಾಕಿದೆ,” ಎಂದರು.

ನಾನು ನಕ್ಕೆ. ಅವರು ನಗಲಿಲ್ಲ.

“ಮೂರನೇ ಹಾಡು ಬಂತಂದ್ರ ಬಂದ್ ಮಾಡಿಬಿಡ್ತೀನಿ. ಘಾಟ್ ಇಳಿಯುವಾಗ ಅದನ್ನ ಕೇಳಿದರ ರಸ್ತಾ ಕಾಣಂಗಿಲ್ಲ.”

“ಚಂದಿಲ್ಲೇನ್ರಿ?”

“ಚಂದ ಐತಿ. ಅದಕ್ಕ ಬಂದ್ ಮಾಡೋದು.”

ಚಹಾದ ಲೋಟ ಇಟ್ಟು ಅವರು ಗಾಡಿ ಹತ್ತಿದರು. ಗುಂಪಿನಲ್ಲಿ ನೂರಾರು ಮಂದಿ ಬರೆದದ್ದಕ್ಕಿಂತ ಇದು ಖರೆ ಅನಿಸಿತು. ಹಾಡು ಬಿಡುವವನ ಹಾಡು ಯಾರಿಗೂ ಹೀಗೆ ತಟ್ಟುವುದಿಲ್ಲ ಎಂದು ನನಗೆ ನಾನೇ ವಾದ ಕಟ್ಟಿಕೊಂಡೆ.

ಬುಧವಾರ ಕಾಲೇಜು ವಾರ್ಷಿಕೋತ್ಸವದ ಫ್ಲೆಕ್ಸಿಗಾಗಿ ಕನ್ನಡದ ಮೇಡಂ ಒಬ್ಬರು ಅಂಗಡಿಗೆ ಬಂದರು. ಹಂಪಿಯವರು, ಮನೆಯಲ್ಲಿ ತಲೆತಲಾಂತರದಿಂದ ದೇವರ ಪೂಜೆ ಇದೆ. ಮನೆಯವರಿಗೆ ಗೊತ್ತಿಲ್ಲದೆ ಅಣ್ಣನ ಹಾಡು ಕೇಳುವವರು. ಅಂಗಡಿಗೆ ಬಂದಾಗಲೆಲ್ಲ ಮೊದಲು ಅದನ್ನು ಮಾತಾಡಿ ಆಮೇಲೆ ಕೆಲಸ ಹೇಳುವವರು. ಅಂದು ಎರಡು ಪದವನ್ನು ಒಂದು ರದ್ದಿ ಹಾಳೆಯ ಮೇಲೆ ಬರೆದು ನನಗೆ ಪಾಠ ಮಾಡಿದರು.

“ನೋಡ್ರಿ, ಅಲ್ಪವಿರಾಮ ಹಾಕಿದರ ‘ಅವ್ವಾ, ಸಾಕು’. ಬ್ಯಾಡ ಇನ್ನ, ಅಂತ ಅರ್ಥ. ಹಾಕದಿದ್ದರ ‘ಅವ್ವ ಸಾಕು’. ನನಗ ಬ್ಯಾರೆ ಏನೂ ಬ್ಯಾಡ, ಅವ್ವ ಒಬ್ಬಾಕಿ ಇದ್ದರ ಆತು. ಇನ್ನೊಂದು ಐತಿ. ಸಾಕು ಅನ್ನೋದು ಕ್ರಿಯಾಪದನೂ ಹೌದಲ್ರಿ. ಸಾಕಿ ಸಲಹು ಅಂತೀವಿ. ಅವ್ವಾ, ನನ್ನ ಸಾಕು. ಬೆಳೆಸು.”

ಅವರು ಫ್ಲೆಕ್ಸಿನ ಅಳತೆ ಹೇಳಿ ಹೋದರು. ನಾನು ಆ ಹಾಳೆಯನ್ನು ಮುಂದಿಟ್ಟುಕೊಂಡು ಕೂತೆ. ಮೂರನೆಯ ಅರ್ಥ ನನ್ನನ್ನು ಹಿಡಿದು ಅಲುಗಾಡಿಸಿಬಿಟ್ಟಿತು. ಇಷ್ಟು ವರ್ಷ ನನ್ನ ಹೆಸರನ್ನು ‘ಇನ್ನು ಬೇಡ’ ಎಂದೇ ಓದಿಕೊಂಡು ಬಂದಿದ್ದೆನಲ್ಲ, ಅದು ‘ಬೆಳೆಸು’ ಎಂದೂ ಇರಬಹುದಲ್ಲ! ದೊಡ್ಡವ್ವ ತನ್ನ ತಂಗಿಗೆ ನನ್ನನ್ನು ಕೊಡುವಾಗ ‘ಇವಳನ್ನು ಸಾಕು’ ಎಂದಿರಬಹುದಲ್ಲ! ಹೆಸರಿಟ್ಟದ್ದು ಹದಿಮೂರನೇ ದಿನ, ಕೊಟ್ಟದ್ದು ಎಂಟನೇ ತಿಂಗಳು, ಲೆಕ್ಕ ಕೂಡುವುದಿಲ್ಲ ಎಂದು ನನಗೇ ಗೊತ್ತಿತ್ತು. ಆದರೂ ಅಂದು ಮಧ್ಯಾಹ್ನ ಯಾರದೋ ಗೃಹಪ್ರವೇಶದ ಫ್ಲೆಕ್ಸಿನಲ್ಲಿ ಮನೆ ಯಜಮಾನನ ಮುಖವನ್ನು ‘ಶುಭ ಕೋರುವವರ’ ಸಾಲಿಗೆ ತಳ್ಳಿ ಬೈಸಿಕೊಂಡೆ.

ಆ ಸಂಜೆ ಗುಂಪಿನಲ್ಲಿ ಉದ್ದಕ್ಕೆ ಬರೆದೆ. ಅಣ್ಣ ಹಾಡು ಬಿಡುವುದಿಲ್ಲ, ಸಾಕು ಅಂದರೆ ಬೆಳೆಸು, ನೀವೆಲ್ಲ ತಪ್ಪು ಓದಿದ್ದೀರಿ. ಬರೆದ ಮೇಲೆ ಮನಸ್ಸು ತಣ್ಣಗಾಗುತ್ತದೆ ಎಂದುಕೊಂಡಿದ್ದೆ, ಇನ್ನಷ್ಟು ಕುದಿಯಿತು. ಐದು ನಿಮಿಷಕ್ಕೊಮ್ಮೆ ಫೋನ್ ನೋಡುವುದು, ಯಾರಾದರೂ ಒಪ್ಪಿದರೋ ಎಂದು. ಯಾರೂ ಒಪ್ಪಲಿಲ್ಲ.

ಮರುದಿನ ಆಟೋದವನು ಮೂವರನ್ನು ಕಟ್ಟಿಕೊಂಡು ಅಂಗಡಿಗೇ ಬಂದ. ಭಾನುವಾರ ಅಣ್ಣ ಕಂಪ್ಲಿಗೆ ಬರುತ್ತಾನೆ, ತಾಯಿ ಇದ್ದ ಓಣಿಯ ಮಂದಿಗೆ ಈ ಹಾಡುಗಳನ್ನು ಕೇಳಿಸುತ್ತಾನೆ, ಹೊಸಪೇಟೆ, ಸಂಡೂರು, ಹಂಪಿ, ಕಂಪ್ಲಿ, ನಾಲ್ಕೂ ಊರಿನ ಅಭಿಮಾನಿಗಳು ಸೇರುತ್ತೇವೆ, ಇಪ್ಪತ್ತು ಅಡಿ ಫ್ಲೆಕ್ಸ್ ಬೇಕು ಎಂದ.

“ಮ್ಯಾಲೆ ಹಾಡಿನ ಸಾಲು, ದೊಡ್ಡ ಅಕ್ಷರ. ಕೆಳಗ, ಅಣ್ಣಾ ಸಾಕು ಅನ್ನಬ್ಯಾಡ. ಅದರ ಕೆಳಗ ನಮ್ಮ ಫೋಟೋ, ನಲವತ್ತೆರಡು ಮಂದಿ.”

ನಾನು ಮೇಲಿನ ಸಾಲು ಕೂಡಿಸಿ ತೋರಿಸಿದೆ. ಅವನು ಪರದೆಗೆ ಬೆರಳು ಒತ್ತಿದ.

“ಇಲ್ಲಿ ಅಲ್ಪವಿರಾಮ ಹಾಕ್ರಿ ಅಕ್ಕಾ. ಅವ್ವಾ, ಆಮ್ಯಾಲೆ ಸಾಕು.”

“ಅಣ್ಣ ಹಾಕಿಲ್ಲ. ನಾ ಯಾಕ ಹಾಕ್ಲಿ?”

“ಅಣ್ಣ ದುಃಖದಾಗ ಮರ್ತಾನ.”

“ಮರ್ತಿಲ್ಲ. ಅದು ಬ್ಯಾಡ ಅನ್ನೋ ಸಾಕು ಅಲ್ಲ, ಬೆಳೆಸು ಅನ್ನೋ ಸಾಕು. ಗುಂಪಿನಾಗ ಬರದೀನಲ್ಲ, ಓದಿಲ್ಲೇನು?”

ಅರ್ಧ ತಾಸು ಒಂದು ಅಲ್ಪವಿರಾಮಕ್ಕೆ ಜಗಳವಾಡಿದೆವು. ಪ್ರಿಂಟ್ ತೆಗೆಯಲು ಬಂದ ಬೇರೆ ಗಿರಾಕಿಗಳು ಕುರ್ಚಿ ಎಳೆದು ಕೂತು ನೋಡಿದರು. ಕೊನೆಗೆ ಅವನು ನಗುತ್ತ, ಸಿಟ್ಟಿಲ್ಲದೆ, ಸುಮ್ಮನೆ ಅಂದುಬಿಟ್ಟ: “ಅಕ್ಕಾ, ನೀವು ಅಣ್ಣನ ಹಾಡಿಗಲ್ಲ ಅರ್ಥ ಹುಡುಕಾಕ ಹತ್ತಿದ್ದು, ನಿಮ್ಮ ಹೆಸರಿಗೆ.”

ಉಳಿದ ಮೂವರೂ ನಕ್ಕರು. ಕೂತು ನೋಡುತ್ತಿದ್ದವರೂ ನಕ್ಕರು. ನಾನೂ ನಗಬೇಕಿತ್ತು, ರೂಢಿ ಇತ್ತಲ್ಲ. ಆಗಲಿಲ್ಲ. ಮುಖ ತಿರುಗಿಸಿಕೊಂಡು ಫೈಲ್ ಸೇವ್ ಮಾಡಿದೆ. ಅವನಿಗೂ ಅಂದದ್ದು ಹೆಚ್ಚಾಯಿತು ಅನಿಸಿರಬೇಕು, “ಇರ್ಲಿ ಬಿಡ್ರಿ, ನಿಮಗ ಹೆಂಗ ಬೇಕೋ ಹಂಗ ಮಾಡ್ರಿ,” ಎಂದು ಹೊರಟ. ಅವನು ಹೋದ ಮೇಲೆ ಅಲ್ಪವಿರಾಮ ಹಾಕದೆಯೇ ಪ್ರಿಂಟಿಗೆ ಕೊಟ್ಟೆ. ಗೆದ್ದ ಖುಷಿ ಮಾತ್ರ ಬರಲಿಲ್ಲ.

ಶನಿವಾರ ಮನೆಯಲ್ಲಿ ಅವ್ವ, “ಏನಾಗೇತಿ ನಿನಗ, ಹಾಕಿದ್ದು ಹಂಗ ಐತಿ,” ಎಂದು ತಟ್ಟೆ ತೋರಿಸಿದಳು. ನಾಳೆ ಕಂಪ್ಲಿಗೆ ಹೋಗುತ್ತೇನೆ, ದೊಡ್ಡವ್ವನನ್ನೂ ನೋಡಿ ಬರುತ್ತೇನೆ ಎಂದೆ. ಅವಳ ಮುಖ ಒಂದು ಗಳಿಗೆ ಸಣ್ಣದಾಯಿತು. ನಾನು ಕಂಪ್ಲಿಯ ಹೆಸರೆತ್ತಿದಾಗಲೆಲ್ಲ ಹಾಗಾಗುತ್ತದೆ. ಆಮೇಲೆ ತಾನೇ ಬಾಳೆಹಣ್ಣಿನ ಚೀಲ ಕಟ್ಟಿಕೊಟ್ಟಳು. ಬಾಳೆಹಣ್ಣು ಕಂಪ್ಲಿಯಿಂದಲೇ ಹೊಸಪೇಟೆಗೆ ಬರುವುದು, ಅದನ್ನು ಮತ್ತೆ ಅಲ್ಲಿಗೆ ಯಾಕೆ ಹೊರಬೇಕು ಎಂದು ನಾನು ಕೇಳಲಿಲ್ಲ.

ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಕಂಪ್ಲಿಯ ಆ ಓಣಿಯ ಬಯಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಸಂಡೂರಿನಿಂದ ಒಂದು ಗಾಡಿ ತುಂಬ ಮಂದಿ ಬಂದಿದ್ದರು. ಹಂಪಿಯ ಮೇಡಂ ದೂರದಲ್ಲಿ ಸೆರಗು ತಲೆಗೆಳೆದುಕೊಂಡು ನಿಂತಿದ್ದರು, ಮನೆಯವರು ಯಾರಾದರೂ ನೋಡಿಯಾರು ಎಂದು. ನಾನು ಮಾಡಿದ ಫ್ಲೆಕ್ಸ್ ಎರಡು ಕಂಬದ ನಡುವೆ ಇತ್ತು, ಕೆಳಗೆ ನಲವತ್ತೆರಡು ಮುಖ.

ಅಣ್ಣ ಬಂದ. ಹತ್ತಿರದಿಂದ ನೋಡಿದರೆ ತೀರ ಸಣ್ಣ ಆಳು. ಮೈಕ್ ಹಿಡಿಯುವ ಮೊದಲೇ ಆಟೋದವನ ಗುಂಪು ಕೂಗಲು ಶುರುಮಾಡಿತು, “ಅಣ್ಣಾ, ಸಾಕು ಅನ್ನಬ್ಯಾಡ! ಬಿಡಬ್ಯಾಡ!” ಅವನಿಗೆ ಏನೆಂದೇ ತಿಳಿಯಲಿಲ್ಲ. ಫ್ಲೆಕ್ಸನ್ನು ಮೇಲಿನಿಂದ ಕೆಳಗೆ ಓದಿದ. ಆಮೇಲೆ ಕೇಳಿದ, “ಯಾರು ಬಿಡ್ತೀನಿ ಅಂದ್ರು?”

“ನೀನಽ ಅಂದಿ!” ಎಂದು ಆಟೋದವನು ಕೂಗಿದ. “ಅವ್ವಾ ಸಾಕು ಅಂತ!”

ಅಣ್ಣ ನಕ್ಕುಬಿಟ್ಟ. ನಗು ಪೂರ್ತಿ ಆಗುವ ಮೊದಲೇ ಮುಖ ಬೇರೆಯಾಯಿತು.

“ಲೇ, ಅದು ಊಟಕ್ಕ ಕುಂತಾಗ ನಾ ಅಂತಿದ್ದ ಮಾತಲೇ. ಅನ್ನ ಭಾಳ ಇರ್ತಿದ್ದಿಲ್ಲ. ಅವ್ವ ನನಗ ಹಾಕಿ ಹಾಕಿ ಖಾಲಿ ಮಾಡ್ತಿದ್ಲು. ಆಕಿಗೆ ಉಳೀಲಿ ಅಂತ ನಾ ತಟ್ಟಿಗೆ ಕೈ ಅಡ್ಡ ಹಿಡೀತಿದ್ದೆ. ಅವ್ವ, ಸಾಕು, ಅವ್ವ, ಸಾಕು. ಆಕಿ ಒಂದಿನಾನೂ ಕೇಳ್ಲಿಲ್ಲ. ನನ್ನ ಬೆರಳ ಸಂದ್ಯಾಗಿಂದನ ಹಾಕ್ತಿದ್ಲು.”

ಆ ಮಾತು ಯಾರ ಮನೆಯಲ್ಲಿ ಇಲ್ಲ? ಬೆಳಿಗ್ಗೆ ತಾನೇ ಅಂದು ಬಂದವರು ಇದ್ದರು ಅಲ್ಲಿ. ಇಷ್ಟು ದಿನ ವ್ಯಾಕರಣ ತೆಗೆದು, ಸುದ್ದಿ ಹಬ್ಬಿಸಿ, ಫ್ಲೆಕ್ಸ್ ಕಟ್ಟಿದ ನಮಗೆ ಒಬ್ಬರಿಗೂ ಅದು ಹೊಳೆದಿರಲಿಲ್ಲ. ಬೆನ್ನ ಹಿಂದೆ ಯಾರೋ ಗಂಡಸು ಜೋರಾಗಿ ಅತ್ತರು. ಅಣ್ಣ ಮೂರನೇ ಹಾಡು ಹಾಡಿದ. ಹಳೆಯ ಹಾಡು ಬೇಕೆಂದು ಯಾರೂ ಕೇಳಲಿಲ್ಲ.

ಆಟೋದವನು ಮಂದಿಯ ನಡುವೆ ತೂರಿಕೊಂಡು ನನ್ನ ಹತ್ತಿರ ಬಂದ. ಕಣ್ಣು ಕೆಂಪಗಿತ್ತು.

“ಅಕ್ಕಾ, ನಂದೂ ತಪ್ಪು, ನಿಮ್ಮದೂ ತಪ್ಪು,” ಎಂದ.

“ಹೌದು,” ಎಂದೆ.

ಅವನಿಗೆ ಅಷ್ಟಕ್ಕೇ ಹಗುರಾಯಿತು. ಅಣ್ಣ ಹಾಡು ಬಿಡುವುದಿಲ್ಲ, ಅವನಿಗೆ ಬೇಕಿದ್ದದ್ದು ಅದು. ನನಗೆ ಬೇಕಿದ್ದದ್ದು ಕೈ ಬಿಟ್ಟಿತ್ತು. ‘ಬೆಳೆಸು’ ಎಂದು ನಾಲ್ಕು ದಿನ ಅಪ್ಪಿಕೊಂಡು ತಿರುಗಿದ ಅರ್ಥವನ್ನು ಅಲ್ಲೇ ಬಯಲಿನಲ್ಲಿ ಬಿಟ್ಟು, ಬಾಳೆಹಣ್ಣಿನ ಚೀಲ ಹಿಡಿದು ಎರಡು ಓಣಿ ಆಚೆ ದೊಡ್ಡವ್ವನ ಮನೆಗೆ ನಡೆದೆ. ಕಾಲು ಬಿರುಸಾಗಿ ಹೋಗುತ್ತಿತ್ತು, ತಡ ಮಾಡಿದರೆ ವಾಪಸ್ ತಿರುಗಿಬಿಡುತ್ತೇನೆ ಎಂಬ ಭಯಕ್ಕೆ.

ದೊಡ್ಡವ್ವ ಒಬ್ಬಳೇ ಇದ್ದಳು, ಮನೆಯವರೆಲ್ಲ ಹಾಡು ಕೇಳಲು ಹೋಗಿದ್ದರು. ಬಾ ಕುಂದ್ರು, ನೀರು ಕುಡಿ ಎಂದಳು. ನೀರಿನ ತಂಬಿಗೆ ಕೈಯಲ್ಲಿದ್ದಾಗಲೇ ಕೇಳಿಬಿಟ್ಟೆ.

“ದೊಡ್ಡವ್ವ, ನನಗ ಈ ಹೆಸರು ಯಾರು ಇಟ್ಟಿದ್ದು?”

“ನಿಮ್ಮಜ್ಜಿ.”

“ನೀ ಏನಂದಿ?”

ಅವಳು ಅಕ್ಕಿ ಆರಿಸುತ್ತಿದ್ದ ಮೊರ ಕೆಳಗಿಟ್ಟಳು. ಸುಳ್ಳು ಹೇಳಬಹುದಿತ್ತು. ಹೇಳಲಿ ಎಂದು ನಾನೂ ಕಾಯುತ್ತಿದ್ದೆನೇನೋ.

“ನಾನೂ ಹೂಂ ಅಂದೆ. ನಾಕು ಹೆಣ್ಣು ಹಡದಿದ್ದೆ. ಮಂದಿ ಕೈಲೆ ಭಾಳ ಅನಿಸಿಕೊಂಡಿದ್ದೆ. ನಿನ್ನ ಮಾರಿ ನೋಡಿ ಸಾಕು ಅಂದೆ. ಖರೇನ ಅಂದೆ.”

ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಈ ಒಂದು ಮಾತಿಗೆ ಇಷ್ಟು ವರ್ಷ ಹೆದರಿದೆನಲ್ಲ ಎಂದು ನನ್ನ ಮೇಲೂ, ಅದನ್ನು ಅಷ್ಟು ಸಲೀಸಾಗಿ ಹೇಳಿದಳಲ್ಲ ಎಂದು ಅವಳ ಮೇಲೂ. ಎದ್ದು ಹೊರಡಬೇಕು ಅನಿಸಿತು. ಅವಳು ಅಷ್ಟರಲ್ಲಿ ಒಳಗೆ ಹೋಗಿ ತಟ್ಟೆ ಹಾಕಿದ್ದಳು. “ಉಂಡು ಹೋಗು,” ಎಂದಳು. ಕೂತೆ, ಯಾಕೆ ಕೂತೆನೋ.

ಅನ್ನ ಹಾಕಿದಳು, ಬದನೆಕಾಯಿ ಪಲ್ಯ ಹಾಕಿದಳು. ಎರಡನೇ ಸಲ ಅನ್ನಕ್ಕೆ ಬಂದಾಗ ಯೋಚನೆಯೇ ಇಲ್ಲದೆ ನನ್ನ ಕೈ ತಟ್ಟೆಗೆ ಅಡ್ಡ ಹೋಯಿತು, ಬಾಯಿ “ಸಾಕು” ಎಂದಿತು. ದೊಡ್ಡವ್ವ ತಕ್ಷಣ ನಿಲ್ಲಿಸಿದಳು. ಸೌಟು ಹಾಗೇ ಮೇಲೆ ನಿಂತಿತು. ಹೊಸಪೇಟೆಯಲ್ಲಿ ಅವ್ವ ಒಂದು ದಿನವೂ ಹೀಗೆ ನಿಲ್ಲಿಸಿದವಳಲ್ಲ. ನನ್ನ ಕೈ ಸರಿಸಿ, ಬೈದು, ಹಾಕುತ್ತಾಳೆ. ಇವಳು ನಿಲ್ಲಿಸಿದಳು. ಮನೆಗೆ ಬಂದ ಪರಕೀಯರ ಮಾತನ್ನು ಹಾಗೆ ಕೇಳುತ್ತಾರೆ. ಅಥವಾ ಒತ್ತಾಯ ಮಾಡುವ ಹಕ್ಕು ತಮಗಿಲ್ಲ ಎಂದು ತಿಳಿದವರು ಹಾಗೆ ಕೇಳುತ್ತಾರೆ. ಅವಳ ಮುಖ ನೋಡಿದೆ. ಎರಡನೆಯದೇ ಎಂದು ಗೊತ್ತಾಯಿತು. ಎಂಟು ತಿಂಗಳ ಕೂಸನ್ನು ಕೊಟ್ಟ ದಿನದಿಂದ ಅವಳು ನನ್ನ ಮುಂದೆ ಹೀಗೇ ಸೌಟು ಎತ್ತಿ ನಿಂತಿದ್ದಾಳೆ. ನಾನು ಬಂದಾಗಲೆಲ್ಲ ಅವಸರದಲ್ಲಿ ಉಂಡು ಬಸ್ಸಿಗೆ ಓಡಿದ್ದೇನೆ.

“ಸಾಕಾ?” ಎಂದಳು, ಮೆಲ್ಲಗೆ.

ಹೊಟ್ಟೆ ತುಂಬಿತ್ತು. ಸಿಟ್ಟೂ ಇನ್ನೂ ಇತ್ತು. ಕೈ ತೆಗೆದೆ.

“ಸಾಕಾಗಿಲ್ಲ ದೊಡ್ಡವ್ವ,” ಎಂದೆ. “ಹಾಕು.”